ಹುಣ್ಣಿಮೆಗೆ ಪ್ರಶ್ನೆ, ಅಮಾವಾಸ್ಯೆಗೆ ಉತ್ತರ

ಹೋಂಸ್ಟೇ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶದವರು ಬರುತ್ತಾರೆ, ಎರಡು ದಿನ ಇರುತ್ತಾರೆ, ಕಡುಬು ತಿನ್ನುತ್ತಾರೆ, ಉಂಬಳ ಕಚ್ಚಿಸಿಕೊಂಡು ಕಿರುಚುತ್ತಾರೆ, ಹೋಗುವಾಗ ಅಮ್ಮನನ್ನು ತಬ್ಬಿಕೊಂಡು ನಂಬರ್ ಕೊಟ್ಟು ಹೋಗುತ್ತಾರೆ. ಮೊದಲ ತಿಂಗಳು ಫೋಟೋ ಬರುತ್ತವೆ. ಎರಡನೇ ತಿಂಗಳು ಬರೀ ಹೆಬ್ಬೆರಳಿನ ಚಿತ್ರ. ಆಮೇಲೆ ವರ್ಷಕ್ಕೊಂದು ಹ್ಯಾಪಿ ನ್ಯೂ ಇಯರ್, ಅಷ್ಟೇ.

ನಮ್ಮದು ಹಾಗೆ ಸಾಯಲಿಲ್ಲ. ಮಲೆನಾಡಿನ ತೀರ್ಥಹಳ್ಳಿ ತಾಲೂಕಿನಲ್ಲಿ ಮೇಗರವಳ್ಳಿ ಆಚೆಯ ನಮ್ಮ ಮನೆ, ಬರ್ಲಿನ್ನಿನಲ್ಲಿ ಒಬ್ಬ ನರ್ಸ್, ಫ್ರಾನ್ಸಿನ ಬೋರ್ಡೋ ಹತ್ತಿರ ದ್ರಾಕ್ಷಿ ತೋಟ ಇರುವ ಒಬ್ಬಾಕೆ, ಇಥಿಯೋಪಿಯಾದ ಜಿಮ್ಮಾ ಕಡೆಯ ಒಬ್ಬರು ಮೇಷ್ಟ್ರು, ತೈವಾನಿನಲ್ಲಿ ಒಬ್ಬ ಫ್ಯಾಕ್ಟರಿ ಇಂಜಿನಿಯರ್ ಹುಡುಗ. ಈ ಐದು ಮನೆಗಳ ದಿನದ ಸುದ್ದಿ ನಾಲ್ಕೈದು ವರ್ಷದಿಂದ ತಪ್ಪದೆ ಓಡಾಡುತ್ತಿದೆ. ದೊಡ್ಡ ಸುದ್ದಿ ಏನಲ್ಲ. ಮನೆ ಕಸ ಎಲ್ಲಿಗೆ ಹೋಯಿತು, ಜೇಬಲ್ಲಿ ಏನಿತ್ತು, ಬಾಗಿಲಿಗೆ ಯಾರು ಬಂದರು, ಅಂಥದ್ದು. "ಇದೆಲ್ಲ ಮೂರು ತಿಂಗಳು ಬಾಳಲ್ಲ ಮಾರಾಯ, ನಿನಗೆ ಬೇರೆ ಕೆಲಸ ಇಲ್ವ?" ಅಂದಿದ್ದರು ನಮ್ಮ ಭಾವ. ಮೊನ್ನೆ ಅವರೇ ಬಂದು ಜಗಲಿ ಮೇಲೆ ಕೂತು, ಮಗಳು ಕೆನಡಾದಲ್ಲಿದ್ದಾಳೆ, ಫೋನ್ ಮಾಡಿದರೆ "ಊಟ ಆಯ್ತಾ" ಬಿಟ್ಟು ಮಾತೇ ಹೊರಡಲ್ಲ, ನೀನು ಹೇಗೆ ಮಾಡಿದೆ ಹೇಳು ಅಂದರು. ಭಾವನಿಗೆ ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ತಡೆದು ತಮ್ಮ ಕತೆ ಶುರು ಮಾಡುತ್ತಾರೆ. ಅದಕ್ಕೇ ಬರೆದುಬಿಟ್ಟೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದು. ವಾಟ್ಸಾಪ್ ಗ್ರೂಪ್. ನಾನು ಜೋಗದ ಫೋಟೋ ಹಾಕಿದೆ. ಫ್ರಾನ್ಸಿನಾಕೆ ಹಳೇ ಕೋಟೆ ಹಾಕಿದಳು. ತೈವಾನಿನ ಹುಡುಗ ಲಾಟೀನು ಹಬ್ಬ ಹಾಕಿದ. ನಾನು ಬಿಡ್ತೀನಾ, ದೀಪಾವಳಿ ಹಾಕಿದೆ. ಎರಡು ತಿಂಗಳಲ್ಲಿ ಅದು ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರ್ ಥರ ಆಯಿತು. ಚಂದ ಇತ್ತು, ಆದರೆ ಯಾರ ಮನೆಯಲ್ಲಿ ಏನು ನಡೀತಿದೆ ಅಂತ ಒಬ್ಬರಿಗೂ ತಿಳಿಯಲಿಲ್ಲ. ನರ್ಸ್ ಅಂತೂ ಏನೂ ಹಾಕುತ್ತಿರಲಿಲ್ಲ. ಆಮೇಲೆ ಕೇಳಿದಾಗ, "ನಿಮ್ಮ ಜಲಪಾತದ ಪಕ್ಕದಲ್ಲಿ ನನ್ನ ಬಸ್ ಸ್ಟಾಪ್ ಹಾಕೋದಾ?" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಆಮೇಲೆ 2020 ಬಂತು. ಹೋಂಸ್ಟೇಗೆ ಬೀಗ. ಎಲ್ಲರೂ ಮನೆಯಲ್ಲೇ ಇದ್ದೇವೆ ಅಂತ ವೀಡಿಯೋ ಕಾಲ್ ಹುಚ್ಚು ಹತ್ತಿತು. ಇದಕ್ಕೆ ನಾನು ಸುರಿದ ದುಡ್ಡು ಹೇಳಿದರೆ ನನ್ನ ಹೆಂಡತಿ ಇವತ್ತಿಗೂ ಮುಖ ತಿರುಗಿಸುತ್ತಾಳೆ. ಹೊಸ ರೂಟರ್, ಇನ್ವರ್ಟರ್‌ಗೆ ಹೊಸ ಬ್ಯಾಟರಿ, ಗುಡ್ಡದ ಮೇಲಿನಿಂದ ಕೇಬಲ್ ಎಳೆಸಿದ್ದು, ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಆಸುಪಾಸು. ಜೂನ್ ಬಂತು, ಮರದ ಗೆಲ್ಲು ಬಿತ್ತು, ಕೇಬಲ್ ಹೋಯಿತು. ಹತ್ತು ದಿನಕ್ಕೆ ಸರಿ ಮಾಡಿದರು, ಮತ್ತೊಂದು ಗೆಲ್ಲು ಬಿತ್ತು. ನಮ್ಮ ಕಡೆಯವರಿಗೆ ಇದು ಹೊಸದಲ್ಲ.

ನೆಟ್‌ವರ್ಕ್‌ಗಿಂತ ದೊಡ್ಡ ತಲೆನೋವು ಗಡಿಯಾರ. ನಮಗೂ ಇಥಿಯೋಪಿಯಾಕ್ಕೂ ಎರಡೂವರೆ ಗಂಟೆ ವ್ಯತ್ಯಾಸ, ಅದು ಸುಲಭ ಅಂದುಕೊಂಡಿದ್ದೆ. ನಿಮ್ಮ ಆರು ಗಂಟೆಗೆ ಸಿಗೋಣ ಅಂದೆ, ನನ್ನ ಲೆಕ್ಕದಲ್ಲಿ ಸಂಜೆ. ಮೇಷ್ಟ್ರು ಮಧ್ಯಾಹ್ನ ಹನ್ನೆರಡಕ್ಕೇ ಫೋನ್ ಹಿಡಿದು ಕಾದು ಕೂತಿದ್ದರಂತೆ. ಅಲ್ಲಿ ದಿನದ ಲೆಕ್ಕ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಾವು ಬೆಳಿಗ್ಗೆ ಏಳು ಅನ್ನುವುದು ಅವರಿಗೆ ಒಂದು ಗಂಟೆ, ನಾವು ಮಧ್ಯಾಹ್ನ ಹನ್ನೆರಡು ಅನ್ನುವುದು ಅವರಿಗೆ ಆರು. ಅವರು ಕರೆ ಮಾಡಿದಾಗ ನಾನು ಊಟ ಮುಗಿಸಿ ತೋಟಕ್ಕೆ ಇಳಿದಿದ್ದೆ. ಅಮ್ಮ ಇದನ್ನು ಕೇಳಿ, "ಅವರದ್ದೇ ಸರಿ ಬಿಡು, ಬೆಳಗಾದ ಮೇಲೆ ತಾನೇ ದಿನ ಶುರುವಾಗೋದು" ಅಂದರು. ಜೊತೆಗೆ ಬರ್ಲಿನ್ ಮತ್ತು ಬೋರ್ಡೋದವರು ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹಾಕುತ್ತಾರೆ, ಅಕ್ಟೋಬರ್ ಕೊನೇ ಭಾನುವಾರ ಹಿಂದೆ ಹಾಕುತ್ತಾರೆ. ನಾವು ಕೂರುವ ಹೊತ್ತಿಗೆ ತೈವಾನಿನ ಹುಡುಗನಿಗೆ ರಾತ್ರಿ ಹನ್ನೊಂದು ಹೊಡೆದು ಆಕಳಿಕೆ. ಐದು ಜನ ಒಟ್ಟಿಗೆ ಮುಖ ನೋಡಿದ್ದು ಅಪರೂಪ. ನೋಡಿದಾಗಲೂ ಮಾತು "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಅಷ್ಟೇ.

ಪಾರ್ಸೆಲ್ ಕೂಡ ಮಾಡಿ ನೋಡಿದ್ದೇವೆ. ಬರ್ಲಿನ್ನಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದೆ. ಕಳಿಸುವ ಖರ್ಚೇ ಮೂರು ಸಾವಿರದ ಹತ್ತಿರ. ತಲುಪಿದ್ದು ಎಣ್ಣೆ ಕುಡಿದ ರಟ್ಟು ಮಾತ್ರ. ಒಂದು ನೋಟ್‌ಬುಕ್ ಅನ್ನು ದೇಶದಿಂದ ದೇಶಕ್ಕೆ ಕಳಿಸಿ ಎಲ್ಲರೂ ಬರೆಯುವುದು ಅಂತಲೂ ಆಯಿತು. ಫ್ರಾನ್ಸಿನವರೆಗೆ ಹೋಯಿತು, ಆಕೆ ಬರೆದು ಇಥಿಯೋಪಿಯಾಕ್ಕೆ ಹಾಕಿದಳು. ಅಲ್ಲಿ ನಮ್ಮ ಹಾಗೆ ಪೋಸ್ಟ್‌ಮನ್ ಮನೆ ಬಾಗಿಲಿಗೆ ಬರುವುದು ಕಡಿಮೆ, ಪೋಸ್ಟ್ ಬಾಕ್ಸ್ ನಂಬರ್ ಬೇಕು. ಮನೆ ವಿಳಾಸ ಬರೆದ ಪುಸ್ತಕ ಮುಂದೆ ಎಲ್ಲಿಗೂ ಹೋಗಲಿಲ್ಲ. ಅದರಲ್ಲಿ ಅಮ್ಮ ಬಿಡಿಸಿದ ರಂಗೋಲಿ ಇತ್ತು, ಅದೊಂದು ಬೇಜಾರು.

ಇಷ್ಟೆಲ್ಲ ಆದ ಮೇಲೆ ಕೈ ಹಿಡಿದ ದಾರಿ ಇದು. ಹುಣ್ಣಿಮೆ ದಿನ ನಾನು ಒಂದೇ ಒಂದು ಪ್ರಶ್ನೆ ಕಳಿಸುತ್ತೇನೆ. ಉತ್ತರವನ್ನು ಗ್ರೂಪಿಗೆ ಹಾಕುವ ಹಾಗಿಲ್ಲ, ನನಗೊಬ್ಬನಿಗೆ ಕಳಿಸಬೇಕು. ನಾನೂ ಬರೆದು ಮೊದಲೇ ತೆಗೆದಿಡುತ್ತೇನೆ. ಅಮಾವಾಸ್ಯೆ ದಿನ ಐದನ್ನೂ ಒಟ್ಟಿಗೆ ಬಿಡುತ್ತೇನೆ. ಅಲ್ಲಿಂದ ಮುಂದಿನ ಹುಣ್ಣಿಮೆವರೆಗೆ ಯಾರು ಯಾರನ್ನು ಏನು ಬೇಕಾದರೂ ಕೇಳಬಹುದು. ಹಬ್ಬ ಬೇಡ, ನೋಡುವ ಜಾಗ ಬೇಡ, ರಾಜಕೀಯ ಬೇಡ. ಫೋಟೋ ಹಾಕಿದರೆ ಮುಖ ಇರಬಾರದು, ಕೈ ಅಥವಾ ನೆಲ ಮಾತ್ರ.

ಉತ್ತರವನ್ನು ಅಮಾವಾಸ್ಯೆವರೆಗೆ ಮುಚ್ಚಿಡುವುದೇ ಇದರ ಗುಟ್ಟು. ಗ್ರೂಪಿನಲ್ಲಿ ಮೊದಲು ಬರೆದವನು ಹೇಗೆ ಬರೆದನೋ ಉಳಿದವರು ಅದೇ ದಾರಿ ಹಿಡಿಯುತ್ತಾರೆ. ನೀವು ಅಕ್ಕಿರೊಟ್ಟಿ, ಬೆಣ್ಣೆ, ಜೋನಿಬೆಲ್ಲ ಅಂತ ಬರೆದರೆ ಎರಡನೆಯವನು ತಾನು ಏನೂ ತಿನ್ನಲಿಲ್ಲ ಅಂತ ಹೇಳಲು ನಾಚುತ್ತಾನೆ, ಅಲ್ವಾ? ಬೇರೆಯವರದ್ದು ಕಾಣದಿದ್ದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಬೆಳಗಿನ ತಿಂಡಿಯ ಪ್ರಶ್ನೆಗೆ ನರ್ಸ್ ಬರೆದದ್ದು: ರಾತ್ರಿ ಪಾಳಿ ಮುಗಿಸಿ ಬಂದೆ, ಶೂ ಕೂಡ ಬಿಚ್ಚದೆ ಫ್ರಿಡ್ಜ್ ಮುಂದೆ ನಿಂತು ತಣ್ಣಗಿನ ಬ್ರೆಡ್ ತಿಂದೆ, ಫ್ರಿಡ್ಜಿನ ಬೆಳಕಲ್ಲೇ. ಗ್ರೂಪಿನಲ್ಲಿ ಏನೂ ಹಾಕದ ಹೆಂಗಸು ಇವಳೇನಾ ಅನ್ನಿಸಿತು.

ಚಂದ್ರನನ್ನು ಯಾಕೆ ಹಿಡಿದೆ ಅಂತ ಭಾವ ನಗುತ್ತಿದ್ದರು. "ಜಾತಕ ಬರೆಯೋಕೆ ಹೊರಟಿದ್ದೀಯೇನೋ?" ಕಾರಣ ಇದೆ. ಇಥಿಯೋಪಿಯಾದಲ್ಲಿ ವರ್ಷಕ್ಕೆ 13 ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ರ ಹೊತ್ತಿಗೆ, ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ. ತೈವಾನಿನ ಸರ್ಕಾರಿ ಕಾಗದಗಳಲ್ಲಿ 1912 ಅನ್ನು ಒಂದನೇ ವರ್ಷ ಅಂತ ಎಣಿಸುತ್ತಾರೆ. ತಾರೀಖು ಹಿಡಿದು ಎಲ್ಲರನ್ನೂ ಎಳೆಯಹೋದರೆ ಬರೀ ನೆನಪಿಸುವುದೇ ಕೆಲಸ. ಚಂದ್ರನಾದರೆ ಎಲ್ಲರಿಗೂ ಒಬ್ಬನೇ. ತೈವಾನಿನ ಹುಡುಗನಿಗಂತೂ ಇದು ಕೇಳಿದ ತಕ್ಷಣ ಹಿಡಿಸಿತು. ಅವನ ತಾಯಿ ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಊದುಬತ್ತಿ ಹಚ್ಚಿ ಹಣ್ಣು ಇಟ್ಟು ಪೂಜೆ ಮಾಡುತ್ತಾರಂತೆ. ಮನೆಯಲ್ಲಿ ಹೊಗೆ ಎದ್ದರೆ ನಿನ್ನ ಪ್ರಶ್ನೆ ನೆನಪಾಗುತ್ತದೆ ಅಂದ. ಮಳೆಗಾಲದಲ್ಲಿ ನಮಗೆ ಚಂದ್ರ ಕಾಣಲ್ಲ, ಗೋಡೆ ಮೇಲೆ ಪಂಚಾಂಗ ಇದೆಯಲ್ಲ, ಸಾಕು.

ಎಲ್ಲ ಪ್ರಶ್ನೆಗಳಲ್ಲಿ ಚೆನ್ನಾಗಿ ಫಸಲು ಕೊಟ್ಟದ್ದು ಇದು: "ಇವತ್ತು ಸಂಜೆ ನಿಮ್ಮ ಕೈ ಯಾವ ಬಣ್ಣ ಆಗಿತ್ತು?" ಮುಂಗಾರು ಶುರುವಾಗುವ ಹೊತ್ತು. ನಮ್ಮಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿ. ಅಡಿಕೆ ಮರ ಹತ್ತುವ ಕೊನೆಗೌಡ ಮೇಲೆ, ನಾನು ಕೆಳಗೆ ಡ್ರಮ್ಮಿನ ಹತ್ತಿರ. ಔಷಧಿಗೆ ಹಾಕುವ ಮೈಲುತುತ್ತದ (ತಾಮ್ರದ ಉಪ್ಪು) ನೀಲಿ, ಸೋಪು ಹಾಕಿ ತಿಕ್ಕಿದರೂ ಉಗುರಿನ ಅಂಚಿನಿಂದ ಹೋಗಲ್ಲ. ಅದನ್ನೇ ಬರೆದೆ. ಅಮಾವಾಸ್ಯೆಗೆ ಬಿಡುವ ಮೊದಲು ಐದನ್ನೂ ಜೋಡಿಸುವಾಗ ನೋಡಿದರೆ ಬೋರ್ಡೋದಾಕೆಯ ಫೋಟೋದಲ್ಲೂ ಅದೇ ನೀಲಿ, ಅದೇ ಉಗುರಿನ ಅಂಚು!

ಮಳೆಗಾಲದಲ್ಲಿ ಅಡಿಕೆ ಕೊಳೆಸುವ ಕೊಳೆರೋಗಕ್ಕೆ ನಾವು ಹೊಡೆಯುವ, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದದ್ದು ಅವಳ ಊರಿನಿಂದ ಅಂತ ನನಗೆ ಗೊತ್ತಿತ್ತು. ಅವಳ ಊರಿನ ಹೆಸರನ್ನು ಮಲೆನಾಡಿನಲ್ಲಿ ಮಳೆಗಾಲಪೂರ್ತಿ ಜನ ಕೂಗುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಅದು ಶುರುವಾದ ಕತೆಯೂ ಮಜಾ ಇದೆ. ದಾರಿ ಪಕ್ಕದ ದ್ರಾಕ್ಷಿಯನ್ನು ಹೋಗಿ ಬರುವವರು ಕಿತ್ತು ತಿನ್ನಬಾರದು ಅಂತ ರೈತರು ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ರೋಗ ಬರಲಿಲ್ಲ ಅಂತ ಗಮನಿಸಿದವರು ಮಿಲಾರ್ಡೆ ಅನ್ನುವ ವಿಜ್ಞಾನಿ, 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದ ಕೋಲ್ಮನ್ ಅನ್ನುವ ವಿಜ್ಞಾನಿ 1910ರ ಹೊತ್ತಿಗೆ ಕೊಳೆರೋಗದ ಮೇಲೆ ಕೆಲಸ ಮಾಡಿ ಇದನ್ನು ಅಡಿಕೆಗೆ ತಂದರು. ಕಲಸಿದ ದ್ರಾವಣ ಹದವಾಗಿದೆಯಾ ಅಂತ ಕುಡುಗೋಲು ಅದ್ದಿ ನೋಡುವ ವೀಡಿಯೋ ನಾನು ಕಳಿಸಿದೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕು, ಮತ್ತೆ ಅದ್ದು, ಅಲಗು ಬೆಳ್ಳಗೆ ಬಂದರೆ ಸರಿ. ಅವಳ ಅಜ್ಜ ಹಳೇ ಮೊಳೆ ಅದ್ದುತ್ತಿದ್ದರಂತೆ. ಎರಡು ದಿನ ನಾವಿಬ್ಬರೇ ಮಾತಾಡಿದ್ದು, ಉಳಿದವರು ಸುಮ್ನೆ ಓದುತ್ತಿದ್ದರು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಯುರೋಪಿನಲ್ಲಿ ಈಗ ತಾಮ್ರಕ್ಕೆ ಮಿತಿ ಇದೆ, ಏಳು ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ ದಾಟುವಂತಿಲ್ಲ. ಅಂದರೆ ವರ್ಷಕ್ಕೆ ನಾಲ್ಕು. ನಾನೂ ಲೆಕ್ಕ ಹಾಕಿದೆ. ನಮ್ಮ ತೋಟಕ್ಕೆ ಎಕರೆಗೆ ಎರಡು ಎರಡೂವರೆ ಡ್ರಮ್ಮು ಹಿಡಿಯುತ್ತದೆ, ವರ್ಷಕ್ಕೆ ಎರಡು ಮೂರು ಸಲ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ಹೆಕ್ಟೇರಿಗೆ ಆರೇಳು ಕಿಲೋ ಆಯಿತು. ಅವಳಿಗೆ ಹೇಳಿದರೆ ಗಾಬರಿಯಾದಳು. ನಿನ್ನ ದ್ರಾಕ್ಷಿಗೆ ಆಗುಂಬೆ ಮಳೆ ಹೊಡೆಯಲಿ, ಆಮೇಲೆ ಮಾತಾಡೋಣ ಅಂದೆ. ಆದರೂ ಆ ವರ್ಷದಿಂದ ಮೇಲಿನ ಅರ್ಧ ಎಕರೆಗೆ ಅಡಿಕೆ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿಸಿ ನೋಡುತ್ತಿದ್ದೇನೆ. ಕೂಲಿ ಜಾಸ್ತಿ, ಲಾಭವೋ ನಷ್ಟವೋ ಇನ್ನೆರಡು ಮಳೆಗಾಲ ಆಗಬೇಕು.

ಉಳಿದವರ ಕೈ ಬಣ್ಣವನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರ ಬೆರಳಿಗೆ ಸೀಮೆಸುಣ್ಣ, ಅವರ ಹೆಂಡತಿಯ ಕೈಗೆ ಕಾಫಿ ಹುರಿದ ಮಸಿ. ತೈವಾನಿನ ಹುಡುಗ "ಬಣ್ಣವೇ ಇಲ್ಲ, ದಿನವಿಡೀ ಗ್ಲೌಸ್" ಅಂದ. ನರ್ಸ್ ಕೈ ಕೆಂಪು, ತೊಳೆದು ತೊಳೆದು ಚರ್ಮ ಒಡೆದಿತ್ತು. ಅಮ್ಮನ ಕೈ ಹಲಸಿನ ಮೇಣಕ್ಕೆ ಕಪ್ಪಾಗಿತ್ತು, ಅದರ ಮೇಲೆ ಕೊಬ್ಬರಿ ಎಣ್ಣೆ. ನರ್ಸ್‌ಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು ಅಂತ ಅಮ್ಮ ನನ್ನ ಬೆನ್ನು ಬಿದ್ದರು.

ಜೇಬಿನ ಪ್ರಶ್ನೆ ಅಡಿಕೆಗೆ ಹೊರಳಿ ಸ್ವಲ್ಪ ಖಾರ ಆಯಿತು. ತೈವಾನಿನ ಹುಡುಗನ ಅಪ್ಪನದು ಪಿಂಗ್‌ಟುಂಗ್ ಕಡೆ ಅಡಿಕೆ ತೋಟ ಅಂತ ಆಗಲೇ ನನಗೆ ತಿಳಿದದ್ದು. ಅಲ್ಲಿ ನಮ್ಮ ಹಾಗೆ ಹಣ್ಣಡಿಕೆ ಒಣಗಿಸಿದ ಗೋಟು, ಬೇಯಿಸಿ ಒಣಗಿಸಿದ ಕೆಂಪಡಿಕೆ ಯಾವುದೂ ಇಲ್ಲ. ಎಳೇ ಹಸಿರು ಕಾಯಿಯನ್ನೇ ಸುಣ್ಣ, ವೀಳ್ಯದೆಲೆ ಹಾಕಿ ಬಾಯಿಗಿಡುತ್ತಾರೆ. ರಸ್ತೆ ಬದಿಯಲ್ಲಿ ಗಾಜಿನ ಗೂಡಂಗಡಿ, ಲಾರಿ ಡ್ರೈವರುಗಳು ಗಿರಾಕಿ. ಬೇಯಿಸುವುದು, ಬೇಯಿಸಿದ ನೀರಿನ ಚೊಗರು, ಒಣಗಿಸುವ ಅಟ್ಟ, ಯಾವ ರಗಳೆಯೂ ಇಲ್ಲ. ನಮ್ಮ ಮನೆಯಲ್ಲಿ ಕೊಯ್ಲಿನ ಹೊತ್ತು ಹೆಂಗಸರು ಮೆಟ್ಟುಗತ್ತಿ ಮುಂದೆ ರಾತ್ರಿ ಹತ್ತರವರೆಗೆ ಸುಲಿಯುವುದನ್ನು ಕೇಳಿ ಅವನು ನಂಬಲೇ ಇಲ್ಲ. ಆದರೆ ಹುಡುಗ ತಾನು ಮುಟ್ಟಲ್ಲ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ, ನಿಮ್ಮಲ್ಲಿ ಏನಂತಾರೆ ಅಂತ ಕೇಳಿದ. ಶಿವಮೊಗ್ಗ ಮಂಡಿಯಲ್ಲಿ ಈ ಮಾತು ಎತ್ತಿ ನೋಡಿ, ಹೊಡೆಯಲು ಬರುತ್ತಾರೆ ಅಂದೆ. ಊಟ ಆದ ಮೇಲೆ ಎಲೆಯಡಿಕೆ ನಾನಂತೂ ಬಿಟ್ಟಿಲ್ಲ, ದಿನಕ್ಕೆ ಒಂದಕ್ಕೆ ಇಳಿಸಿದ್ದೇನೆ.

ಕಸದ ಪ್ರಶ್ನೆಗೂ ರಾಶಿ ಉತ್ತರ ಬಂತು. ತೈವಾನಿನಲ್ಲಿ ಕಸದ ಲಾರಿ ಬೀಥೋವನ್‌ನ ಪಿಯಾನೋ ಸಂಗೀತ ಹಾಕಿಕೊಂಡು ಬರುತ್ತದೆ, ಜನ ಚೀಲ ಹಿಡಿದು ಮೂಲೆಯಲ್ಲಿ ನಿಂತಿರುತ್ತಾರೆ. ಶಿವಮೊಗ್ಗದ ಅಕ್ಕನ ಮನೆ ಮುಂದೆಯೂ ಬೆಳಿಗ್ಗೆ ಗಾಡಿ ಹಾಡು ಹಾಡಿಕೊಂಡೇ ಬರುತ್ತದೆ. ಇಬ್ಬರ ರೆಕಾರ್ಡಿಂಗನ್ನೂ ಒಂದರ ಹಿಂದೆ ಒಂದು ಹಾಕಿದೆ, ನಗುವೋ ನಗು. ಜರ್ಮನಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತದೆ. ನಮ್ಮಲ್ಲಿ ಅಡುಗೆಮನೆಯದು ಕೊಟ್ಟಿಗೆಗೆ, ಉಳಿದದ್ದು ಗೊಬ್ಬರದ ಗುಂಡಿಗೆ. ಪ್ಲಾಸ್ಟಿಕ್ ಮಾತ್ರ ಬಚ್ಚಲ ಒಲೆಗೆ ಹೋಗುತ್ತಿತ್ತು, ಒದ್ದೆ ಸೌದೆ ಹತ್ತಿಸಲು. ಇದನ್ನು ಬರೆದದ್ದಕ್ಕೆ ನಾಲ್ಕು ದೇಶದಿಂದಲೂ ಬೈಗುಳ. ಈಗ ಅತಿಥಿಗಳು ತರುವ ನೀರಿನ ಬಾಟಲಿಗೆ ನಾನೇ ಹತ್ತು ರೂಪಾಯಿ ಡೆಪಾಸಿಟ್ ಇಟ್ಟಿದ್ದೇನೆ. ಬೆಂಗಳೂರಿನವರು ಜಗಳ ಮಾಡುತ್ತಾರೆ, ಕೊಡುತ್ತಾರೆ.

ನಡುವೆ ಒಂದು ಮಳೆಗಾಲ ಡಬ್ಬದ ಪ್ರಯೋಗ ಮಾಡಿದೆವು. ಬಾಯಿ, ತಳ ಒಂದೇ ಅಗಲ ಇರುವ ಡಬ್ಬ ಅಂಗಳದಲ್ಲಿಟ್ಟು ಸ್ಕೇಲಿನಲ್ಲಿ ಅಳೆಯುವುದು. ನಮ್ಮಲ್ಲಿ ಜೋರು ಹಿಡಿದ ಮೂರು ದಿನಕ್ಕೆ ಸುಮಾರು 600 ಮಿಲಿಮೀಟರ್ ಬಂತು. ಬರ್ಲಿನ್ನಿಗೆ ಇಡೀ ವರ್ಷಕ್ಕೆ ಬರುವುದು ಹೆಚ್ಚುಕಡಿಮೆ ಅಷ್ಟೇ. ನಾನು ಮೀಸೆ ತಿರುವುತ್ತಿದ್ದೆ. ಆಗ ತೈವಾನಿನ ಹುಡುಗ ತಣ್ಣಗೆ ಬರೆದ: 2009ರ ಆಗಸ್ಟಿನಲ್ಲಿ ಮೊರಾಕೋಟ್ ಚಂಡಮಾರುತ ಬಂದಾಗ ಅಲಿಶಾನ್ ಬೆಟ್ಟದಲ್ಲಿ ನಾಲ್ಕೈದು ದಿನಕ್ಕೆ 2,500 ಮಿಲಿಮೀಟರಿಗೂ ಜಾಸ್ತಿ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರದ ಮೇಲೆ ಅಂತ ಹೇಳಿ ಮಾನ ಉಳಿಸಿಕೊಂಡೆ. ಪ್ರಯೋಗ ಅಲ್ಲಿಗೇ ನಿಂತಿತು, ದಿನಾ ಅಳೆಯುವುದು ಯಾರಿಗೂ ಆಗಲಿಲ್ಲ. ಕಾಫಿಯದ್ದು ಮಾತ್ರ ಮುಂದುವರಿದಿದೆ. ಮೇಷ್ಟ್ರ ಮನೆಯಲ್ಲಿ ಹಸಿ ಬೀಜವನ್ನು ಅಲ್ಲೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಮೂರು ಸುತ್ತು ಕೊಡುತ್ತಾರೆ. ಕೆಲವೊಮ್ಮೆ ಜೊತೆಗೆ ಜೋಳದ ಅರಳು. ಮೂರೂ ಸುತ್ತು ಕುಡಿಯದೆ ಏಳಬಾರದು. ನಾನು ಅದನ್ನು ನಮ್ಮ ಅತಿಥಿಗಳಿಗೆ ಕೊಪ್ಪದ ಬೀಜದಲ್ಲಿ ಮಾಡಿ ಕೊಡುತ್ತೇನೆ. ಹೆಂಡತಿಗೆ ಒಂದು ಗಂಟೆ ಒಲೆ ಹಿಡಿದಿಟ್ಟರೆ ಸಿಟ್ಟು, ದುಡ್ಡು ಬಂದಾಗ ಸುಮ್ಮನಾಗುತ್ತಾಳೆ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಈಗಿನ ವಿಧಾನಕ್ಕೆ ತಿಂಗಳ ಖರ್ಚು ಸೊನ್ನೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಕನ್ನಡದಲ್ಲಿ ಬರೆದು ತೀರ್ಥಹಳ್ಳಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸುತ್ತೇನೆ, ಇನ್ನೂರು ಮುನ್ನೂರು ರೂಪಾಯಿ. ಅಮ್ಮ ಓದುವುದು ಅದನ್ನೇ. ಈ ನಾಲ್ವರ ಬಾಯಿಮಾತಿನಿಂದ ಹೋಂಸ್ಟೇಗೆ ಬಂದವರ ಲೆಕ್ಕ ತೆಗೆದರೆ ಇದುವರೆಗೆ ಎಪ್ಪತ್ತು ಎಂಬತ್ತು ಸಾವಿರ ಆಗಿರಬಹುದು. ರೂಟರು, ಬ್ಯಾಟರಿ, ಉಪ್ಪಿನಕಾಯಿ ಎಲ್ಲ ಅದರಲ್ಲಿ ವಸೂಲಾಯಿತು. ಭಾವ ಇದನ್ನು ಓದುತ್ತಾರೆ ಅಂತಲೇ ಬರೆದೆ.

ಎಂಥ ಪ್ರಶ್ನೆ ಕೇಳಬೇಕು ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಹತ್ತಿರ ಒಂದು ಪಟ್ಟಿ ಇದೆ, ಕೊಡಲ್ಲ. ಇಷ್ಟು ಹೇಳಬಹುದು: "ಏನು ಅನ್ನಿಸುತ್ತೆ" ಅಂತ ಕೇಳಿದರೆ ಭಾಷಣ ಬರುತ್ತದೆ. ಎಷ್ಟು, ಎಲ್ಲಿ, ಯಾರು, ಯಾವಾಗ ಅಂತ ಕೇಳಿ. ಉತ್ತರ ಕೊಡಲು ಎದ್ದು ಹೋಗಿ ನೋಡಬೇಕಾದರೆ ಇನ್ನೂ ಒಳ್ಳೆಯದು. ಉತ್ತರ ಕಳಿಸದೆ ಕೂತವರನ್ನು ಎಬ್ಬಿಸಲು ನಾನು ಏನು ಮಾಡುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ, ನರ್ಸ್‌ಗೆ ಗೊತ್ತಾದರೆ ಬೈಯುತ್ತಾಳೆ. ಜನ ಐದಾರಕ್ಕಿಂತ ಜಾಸ್ತಿ ಬೇಡ. ಏಳನೆಯವರು ಬಂದರೆ ಓದುವವರು ಹೆಚ್ಚಾಗಿ ಬರೆಯುವವರು ಕಡಿಮೆಯಾಗುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಬೇಡಿ, ಒಬ್ಬರು ಬರೆದರೆ ಇನ್ನೊಬ್ಬರು ಆಯಿತಲ್ಲ ಅನ್ನುತ್ತಾರೆ. ಮಗಳ ಜೊತೆ ಮಾಡುವವರು, ಭಾವನ ಹಾಗೆ, ಮೂರನೆಯವರೊಬ್ಬರನ್ನು ಸೇರಿಸಿಕೊಳ್ಳಿ. ಅವಳ ಗೆಳತಿಯೋ ಅತ್ತೆಯೋ ಯಾರಾದರೂ ಆದೀತು. ಇಬ್ಬರೇ ಇದ್ದರೆ ಮುಚ್ಚಿಡುವ ಮಜಾ ಇರುವುದಿಲ್ಲ, ಮತ್ತೆ "ಊಟ ಆಯ್ತಾ"ಕ್ಕೆ ಬಂದು ನಿಲ್ಲುತ್ತದೆ.

ಮಳೆಗಾಲದಲ್ಲಿ ಶುರು ಮಾಡಬೇಡಿ. ಕರೆಂಟು ಹೋದರೆ ಮೊದಲ ಅಮಾವಾಸ್ಯೆಯೇ ತಪ್ಪುತ್ತದೆ, ಮೊದಲ ಸಲ ತಪ್ಪಿದರೆ ಎಲ್ಲರ ಉತ್ಸಾಹವೂ ಇಳಿಯುತ್ತದೆ. ದೀಪಾವಳಿ ಹೊತ್ತಿಗೆ ಕೊಯ್ಲು, ಆಗ ನಮಗೇ ಪುರುಸೊತ್ತಿಲ್ಲ. ಶಿವರಾತ್ರಿ ಕಳೆದ ಮೇಲೆ ಬರುವ ಹುಣ್ಣಿಮೆ ಸರಿಯಾದ ಹೊತ್ತು. ಅಡಿಕೆ ಮಂಡಿಗೆ ಹೋಗಿರುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ, ಲೈನೂ ಇರುತ್ತದೆ.